ಬೆವರದ ಟೀಚರಮ್ಮನ ಕಾರಿಗೆ ಹೊಸ ಗ್ಯಾಸ್

ಈಗಿನ ಕಾರ್ ಎ.ಸಿ. ವರ್ಕ್‌ಶಾಪುಗಳಲ್ಲಿ ಒಂದು ಮಿಷನ್ ಇರುತ್ತದೆ. ಎರಡು ಪೈಪು ಸಿಕ್ಕಿಸಿ ಗುಂಡಿ ಒತ್ತಿದರೆ ಸಾಕು. ಹಳೆ ಗ್ಯಾಸನ್ನು ಅದೇ ಎಳೆದುಕೊಂಡು, ಅದೇ ತೂಗಿ, ಅದೇ ಮರಳಿ ತುಂಬುತ್ತದೆ. ಅಷ್ಟು ಹೊತ್ತು ಕೆಲಸದವರು ಫೋನು ನೋಡುತ್ತ ನಿಂತಿರಬಹುದು. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಈ ಕೆಲಸಕ್ಕೆ ಹೊಸದಾಗಿ ಬರುವವರು, ಆ ಪೈಪಿನೊಳಗೆ ನಡೆಯುವುದನ್ನು ನೋಡಿ ಒಂದು ಸಲವೂ ಬೆರಗಾಗದೆ ರಿಟೈರ್ ಆಗಿಬಿಡುತ್ತಾರೇನೋ ಎಂಬ ಚಿಂತೆ ಇದೆ. ಅದಕ್ಕೇ ಬರೆಯಲು ಕೂತೆ.

ನಾನು ಮೇಚೇರಿ ಕಡೆಯವನು, ಹೆಸರು ಮಾದೇಶ. ಅಪ್ಪ ಕುರಿ ಸಾಕುತ್ತಿದ್ದ. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ಕಲಿಸಿದವಳು ಕೊಳ್ಳೇಗಾಲದ ಕಡೆಯಿಂದ ಬಂದ ನನ್ನ ಹೆಂಡತಿ. ಆದ್ದರಿಂದ ಇದರಲ್ಲಿ ತಪ್ಪಿದ್ದರೆ ನನ್ನದು, ಸರಿಯಿದ್ದರೆ ಅವಳದು.

ಸೇಲಂಗೆ ಬಂದದ್ದು ಐಸ್ ಫ್ಯಾಕ್ಟರಿಯ ಕೆಲಸಕ್ಕೆ. ಅಲ್ಲಿ ಅರುಣಾಚಲಂ ಎಂಬ ಮೇಸ್ತ್ರಿ ಇದ್ದರು. ಮಾತು ಕಡಿಮೆ, ಕಿವಿ ಸ್ವಲ್ಪ ಮಂದ, ಆದರೆ ಗ್ಯಾಸು ಒತ್ತುವ ಕಂಪ್ರೆಸರಿನ ಮೇಲೆ ಅಂಗೈ ಇಟ್ಟು ಅದರ ರೋಗ ಹೇಳುತ್ತಿದ್ದರು. ಒಂದು ಮೇ ತಿಂಗಳ ಮಧ್ಯಾಹ್ನ ನನ್ನನ್ನು ಕರೆದು, ಸ್ಟೀಲ್ ಲೋಟವೊಂದಕ್ಕೆ ಸಿಲಿಂಡರಿನಿಂದ, ಒತ್ತಡಕ್ಕೆ ದ್ರವವಾಗಿದ್ದ ಗ್ಯಾಸನ್ನು ಸ್ವಲ್ಪ ಬಗ್ಗಿಸಿದರು. ನೀರಿನಂತೆ ತಿಳಿಯಾಗಿ ಬಿತ್ತು. ಬಿದ್ದ ಕ್ಷಣವೇ ಕುದಿಯಲು ಶುರುವಾಯಿತು. ಕೆಳಗೆ ಬೆಂಕಿ ಇಲ್ಲ, ಏನೂ ಇಲ್ಲ. ಒಳಗೆ ಬುಳಬುಳ ಕುದಿಯುತ್ತಿದೆ, ಲೋಟದ ಹೊರಗೆ ಬೆಳ್ಳಗೆ ಮಂಜು ಕಟ್ಟುತ್ತಿದೆ. ಸೇಲಂನ ಆ ಬಿಸಿಲಿನಲ್ಲಿ ನನ್ನ ತೋಳಿನ ರೋಮ ನಿಂತವು. ಮೇಸ್ತ್ರಿ ಒಂದೇ ಮಾತು ಹೇಳಿದರು: ಆವಿಯಾಗುವುದು ಯಾವುದೇ ಇರಲಿ, ಸುತ್ತಲಿನ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ. ನಮ್ಮ ವೃತ್ತಿಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಕೆಲವು ವರ್ಷಗಳ ಮೇಲೆ ಸ್ವಂತ ಶೆಡ್ ಹಾಕಿಕೊಂಡು ಕಾರುಗಳಿಗೆ ಎ.ಸಿ. ಕೂರಿಸುವ ಕೆಲಸ ಹಿಡಿದೆ. ಆಗ ಹೆಚ್ಚಿನ ಕಾರುಗಳು ಎ.ಸಿ. ಇಲ್ಲದೆಯೇ ಬರುತ್ತಿದ್ದವು. ಬೇಕಾದವರು ಹೊರಗೆ ನಮ್ಮಂಥವರ ಹತ್ತಿರ ಕೂರಿಸಿಕೊಳ್ಳುತ್ತಿದ್ದರು. ನನ್ನ ಅವ್ವ ಒಮ್ಮೆ ಊರಿನಿಂದ ಬಂದಾಗ ಅವಳನ್ನು ಅಂಥ ಕಾರೊಂದರಲ್ಲಿ ಕೂರಿಸಿದೆ. ತಣ್ಣನೆ ಗಾಳಿ ಮುಖಕ್ಕೆ ಬಡಿದರೂ ಅವಳು ಹಿಗ್ಗಲಿಲ್ಲ. ಕಾರಿನೊಳಗೆಲ್ಲ ಕಣ್ಣಾಡಿಸಿ, “ತಣ್ಣಗಾಯ್ತು ಸರಿ ಲಾ. ಇಲ್ಲಿದ್ದ ಬಿಸಿ ಎಲ್ಲಿಗೋಯ್ತು?” ಎಂದಳು.

ಅವಳನ್ನು ಇಳಿಸಿ, ಕಾರಿನ ಮೂತಿಯ ಹತ್ತಿರ ಕರೆದುಕೊಂಡು ಹೋಗಿ, ಜಾಲರಿಯಂತಿರುವ ಕಂಡೆನ್ಸರಿನಿಂದ ಹೊಮ್ಮುವ ಗಾಳಿಗೆ ಕೈ ಒಡ್ಡಿಸಿದೆ. ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು. “ಅಂಗಾದ್ರೆ ಬಿಸಿ ಸಾಯಾಕಿಲ್ಲ. ಬರೇ ಜಾಗ ಬದ್ಲಾಯಿಸ್ತೈತೆ” ಎಂದಳು. ಆಮೇಲೆ ನಾನು ಎಷ್ಟೋ ಎಂಜಿನಿಯರುಗಳ ಪಾಠ ಕೇಳಿದ್ದೇನೆ. ಇಷ್ಟು ಚಿಕ್ಕದಾಗಿ ಯಾರೂ ಹೇಳಲಿಲ್ಲ.

ತೊಂಬತ್ತರ ದಶಕದ ನಡುವೆ ಹೊಸ ಗ್ಯಾಸಿನ ಮಾತು ಶುರುವಾಯಿತು. ನಮ್ಮಂಥ ಮೆಕ್ಯಾನಿಕ್‌ಗಳನ್ನು ಕೊಯಮತ್ತೂರಿಗೆ ಕರೆದು ಎರಡು ದಿನ ಕ್ಲಾಸ್ ಮಾಡಿದರು. ನಾವು ಪೈಪು ಬಿಚ್ಚುವಾಗ ಪುಸ್ ಎಂದು ಬಿಟ್ಟುಬಿಡುವ ಹಳೆ ಗ್ಯಾಸು ಕರಗದೆ, ಕೆಡದೆ, ವರ್ಷಗಟ್ಟಲೆ ಏರಿ ಏರಿ ಆಕಾಶದ ಎತ್ತರದಲ್ಲಿ ಬಿಸಿಲನ್ನು ಸೋಸುವ ಪದರವನ್ನು ತಿನ್ನುತ್ತದೆ ಎಂದು ಅಲ್ಲಿ ಹೇಳಿದರು. ಪಕ್ಕದಲ್ಲಿ ಕೂತವರು ನಕ್ಕರು. ನನಗೆ ನಗು ಬರಲಿಲ್ಲ. ಸೇಲಂನ ಒಂದು ತಗಡಿನ ಶೆಡ್ಡಿನಲ್ಲಿ ನಾನು ಬಿಟ್ಟ ಉಸಿರಿನಷ್ಟು ಗ್ಯಾಸು ಅಷ್ಟು ಮೇಲೆ ಹೋಗಿ ಮುಟ್ಟುತ್ತದೆಯೆಂದರೆ, ಅದನ್ನು ನಂಬುವುದಕ್ಕೂ ಭಯ, ನಂಬದಿರುವುದಕ್ಕೂ ಭಯ. ಊರಿಗೆ ವಾಪಸಾಗುವಾಗ ಬಸ್ಸಿನ ಕಿಟಕಿಯಿಂದ ಆಕಾಶ ನೋಡಿಕೊಂಡೇ ಬಂದೆ.

ಅಷ್ಟು ತಿಳಿದುಕೊಂಡು ಬಂದವನು ಮಾಡಿದ ಮೊದಲ ಕೆಲಸವೇ ಎಡವಟ್ಟು. ಹಳೆ ಗ್ಯಾಸಿಗೆ ಒಂದು ಜಾತಿಯ ಎಣ್ಣೆ, ಹೊಸದಕ್ಕೆ ಬೇರೆ ಜಾತಿ. ಗ್ಯಾಸಿನ ಜೊತೆಗೆ ಸುತ್ತಿ ಬಂದು ಕಂಪ್ರೆಸರನ್ನು ಕಾಯುವುದು ಆ ಎಣ್ಣೆ. ಹಳೆ ಎಣ್ಣೆ ಹೊಸ ಗ್ಯಾಸಿನಲ್ಲಿ ಬೆರೆಯುವುದಿಲ್ಲ. ಪೈಪಿನ ಮೂಲೆಗಳಲ್ಲಿ ಜಿಡ್ಡಾಗಿ ಕೂತುಬಿಡುತ್ತದೆ. ಧರ್ಮಪುರಿಯ ಒಬ್ಬ ನೂಲು ವ್ಯಾಪಾರಿಯ ಕಾರಿನಲ್ಲಿ ನಾನು ಹಳೆ ಎಣ್ಣೆಯನ್ನು ಒಂದು ಸಲ ಇಳಿಸಿ, ಹೊಸ ಎಣ್ಣೆ ಹಾಕಿ, ಹೊಸ ಗ್ಯಾಸ್ ತುಂಬಿ ಕಳಿಸಿಬಿಟ್ಟೆ. ಎರಡನೇ ವಾರ ತೊಪ್ಪೂರು ಘಾಟಿಯಲ್ಲಿ ಅದರ ಕಂಪ್ರೆಸರ್ ಒಣಗಿ ಹಿಡಿದುಕೊಂಡಿತು, ಬೆಲ್ಟು ಸುಟ್ಟು ಹೊಗೆ ಬಂತು. ವ್ಯಾಪಾರಿ ಇನ್ಶೂರೆನ್ಸ್‌ಗೆ ಬರೆದರು. ಇದು ಅಪಘಾತವಲ್ಲ, ಯಂತ್ರ ತಾನಾಗಿ ಕೆಟ್ಟದ್ದು ಎಂದು ಒಂದೇ ಸಾಲಿನ ಉತ್ತರ ಬಂತು. ಬೇರೆ ಕಂಪ್ರೆಸರನ್ನು ನಾನೇ ಹಾಕಿಕೊಟ್ಟೆ. ಅವರು ಬೈಯಲಿಲ್ಲ, ಮತ್ತೆ ಬರಲೂ ಇಲ್ಲ. ಅಂದಿನಿಂದ ಹಳೆ ಕಾರಿಗೆ ಹೊಸ ಗ್ಯಾಸ್ ಹಾಕುವ ಕೆಲಸ ಬಂದರೆ ಬೇರೆ ಶೆಡ್ಡಿಗೆ ಕಳಿಸಿಬಿಡುತ್ತಿದ್ದೆ.

ಇನ್ನು ನಾನು ಹೇಳಬೇಕಾದ ಮುಖ್ಯ ಕೇಸಿಗೆ ಬರುತ್ತೇನೆ.

ವೆಂಕಟರಾಯರು ಸೇಲಂ ಪೋಸ್ಟಾಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆಮಾತು ಕನ್ನಡ. ಒಂದು ದಿನ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನನ್ನ ಶೆಡ್ಡಿಗೆ ತಂದು ಎ.ಸಿ. ಕೂರಿಸಬೇಕು ಎಂದರು. ಕಾರಿನ ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಮೊದಲು ಸೀಟು ಹೊಲಿಸಿ ಸಾರ್, ಎ.ಸಿ. ಆಮೇಲಾಯ್ತು ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. “ನನಗಲ್ಲಪ್ಪ, ನನ್ನ ಮಗಳಿಗೆ. ಅವಳಿಗೆ ಬೆವರು ಬರಲ್ಲ” ಎಂದರು.

ಬೆವರದಿದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡೆ. ಹೆಚ್ಚು ಕೇಳಲಿಲ್ಲ. ಕೆಲಸ ಮುಗಿಸಿದೆ. ಮಾಡಬಾರದ ಎರಡು ಕೆಲಸವನ್ನೂ ಅವತ್ತೇ ಮಾಡಿದೆ. ತೆರಿಗೆ ಉಳಿಸಲು ಬಿಲ್ಲಿನ ಬದಲು ಒಂದು ಚೀಟಿಯಲ್ಲಿ ‘ವೈರಿಂಗ್ ಕೆಲಸ’ ಎಂದು ಗೀಚಿ ಕೊಟ್ಟೆ. ಎ.ಸಿ. ಕೂರಿಸಿದ ವಿಷಯ ಇನ್ಶೂರೆನ್ಸಿನವರಿಗೆ ತಿಳಿಸಬೇಕಾ ಎಂದು ರಾಯರು ಕೇಳಿದಾಗ, ಅದೆಲ್ಲ ಬೇಡ, ಸುಮ್ಮನೆ ಪ್ರೀಮಿಯಂ ಏರಿಸುತ್ತಾರೆ ಎಂದು ದೊಡ್ಡ ತಿಳಿವಳಿಕೆಯವನಂತೆ ಹೇಳಿದೆ. ಎಲ್ಲರಿಗೂ ಹಾಗೇ ಹೇಳುತ್ತಿದ್ದೆ.

ಅವರ ಮಗಳು ವಾರಿಜಾ ಪಾಪಿರೆಡ್ಡಿಪಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರು. ಆಗ ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬಹುದು. ಬೆಳಿಗ್ಗೆ ತಂಪಿನ ಹೊತ್ತಿನಲ್ಲಿ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಸಂಜೆ ನಾಲ್ಕರ ಬಿಸಿಲಿನಲ್ಲಿ ಮಂಜವಾಡಿ ಕಣಿವೆ ಹತ್ತಿ ಬರುವ ಬಸ್ಸು ಅವರಿಗೆ ಆಗುತ್ತಿರಲಿಲ್ಲ. ಅದಕ್ಕೆ ರಾಯರು ಕಾರಿನಲ್ಲಿ ಹೋಗಿ ಕರೆತರುತ್ತಿದ್ದರು. ಅಲ್ಲೇ ಮನೆ ಮಾಡಿ ನೋಡಿದ್ದರಂತೆ. ಪದೇಪದೇ ಕರೆಂಟು ಹೋಗುವುದು, ದೊಡ್ಡಾಸ್ಪತ್ರೆ ದೂರ, ಒಂದೇ ಬೇಸಿಗೆಗೆ ಬಿಟ್ಟು ಬಂದರು.

ಮಾರ್ಚ್ ತಿಂಗಳು. ಮಗಳನ್ನು ಕರೆತರಲು ಹೊರಟ ರಾಯರ ಕಾರಿಗೆ ಕಣಿವೆಯ ಕೆಳಗೆ ಮರಗೆಣಸು ತುಂಬಿದ ಟ್ರ್ಯಾಕ್ಟರು ರಿವರ್ಸ್ ಬಂದು ಗುದ್ದಿತು. ರಾಯರಿಗೆ ಏಟಾಗಲಿಲ್ಲ. ಕಾರಿನ ಮೂತಿ ಪೂರಾ ಒಳಗೆ ಹೋಯಿತು. ಅಪ್ಪ ಬರಲಿಲ್ಲವೆಂದು ಟೀಚರು ಐದು ಗಂಟೆಯವರೆಗೆ ಕಾದು ಬಸ್ಸು ಹತ್ತಿದರು. ನೂಕುನುಗ್ಗಲು, ನಿಂತೇ ಪ್ರಯಾಣ. ಸೇಲಂ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸರು ಅವರನ್ನು ಎತ್ತಿ ಇಳಿಸಿದರಂತೆ. ಮೈ ಮುಟ್ಟಿದರೆ ರೊಟ್ಟಿ ಸುಡುವ ಹೆಂಚು. ಆಸ್ಪತ್ರೆಯಲ್ಲಿ ಐಸು ಸುತ್ತಿ ಎರಡು ದಿನ ಮಲಗಿಸಿದ್ದರು.

ಇದೆಲ್ಲ ನನಗೆ ತಿಳಿದದ್ದು ರಾಯರು ಇನ್ಶೂರೆನ್ಸ್ ಕಂಪನಿಯ ಪತ್ರ ಹಿಡಿದುಕೊಂಡು ಶೆಡ್ಡಿಗೆ ಬಂದಾಗ. ಬಾನೆಟ್, ಬಂಪರ್, ಲೈಟು ಒಪ್ಪಿದ್ದರು. ಎ.ಸಿ.ಯ ಸಾಲುಗಳ ಮೇಲೆ ಗೀಟು ಎಳೆದು ಎರಡು ಕಾರಣ ಕೊಟ್ಟಿದ್ದರು. ಪಾಲಿಸಿಯಲ್ಲಿ ಎ.ಸಿ.ಯನ್ನು ತೋರಿಸಿಲ್ಲ. ಎ.ಸಿ. ಇತ್ತು ಎನ್ನುವುದಕ್ಕೆ ಬಿಲ್ಲಿಲ್ಲ. ಎರಡೂ ನನ್ನ ಕೈಕೆಲಸ.

ರಾಯರು ಪತ್ರವನ್ನು ಮಡಿಸಿಟ್ಟುಕೊಂಡರು. “ಏಪ್ರಿಲ್ ಪರೀಕ್ಷೆ ಮುಗಿಯೋವರೆಗೆ ಅವಳು ರಜ ಹಾಕೋ ಹಾಗಿಲ್ಲ ಮಾದೇಶ. ಟೆಂಪರರಿ ಪೋಸ್ಟು. ಈ ವರ್ಷ ಖಾಯಂ ಮಾಡ್ತಾರೆ ಅಂತ ಹೇಳಿದ್ದಾರೆ. ಏನಾದರೂ ದಾರಿ ಇದೆಯಾ ನೋಡು” ಎಂದರಷ್ಟೆ. ಬೈದಿದ್ದರೆ ಹಗುರಾಗುತ್ತಿದ್ದೆ.

ನಾನೇ ಇನ್ಶೂರೆನ್ಸ್ ಆಫೀಸಿಗೆ ಹೋದೆ. ಎ.ಸಿ. ಕೂರಿಸಿದವನು ನಾನು, ತಿಳಿಸಬೇಡಿ ಎಂದು ಹೇಳಿದವನೂ ನಾನು ಎಂದು ಬರೆದುಕೊಟ್ಟೆ. ಅಲ್ಲಿಯ ಅಧಿಕಾರಿ ಮರ್ಯಾದೆಯಿಂದಲೇ ಓದಿ, ಮರ್ಯಾದೆಯಿಂದಲೇ ಹಿಂದಕ್ಕೆ ಕೊಟ್ಟರು. ಎರಡನೇ ಸಲ ಹೋದಾಗ ಅವರು ರಜೆ. ಮೂರನೇ ಸಲ ಫೈಲು ಡಿವಿಜನ್ ಆಫೀಸಿಗೆ ಹೋಗಿತ್ತು. ನಾಲ್ಕನೇ ಸಲ ಸರ್ವೇಯರನ್ನು ಕೇಳಿ ಎಂದರು.

ಸರ್ವೇಯರ್ ಎಂದರೆ ಅಪಘಾತದ ಕಾರನ್ನು ನೋಡಿ ನಷ್ಟ ಬರೆಯುವವರು. ಆ ಕಾರನ್ನು ನೋಡಿದವರು ನಟರಾಜನ್. ಸೇಲಂನ ವರ್ಕ್‌ಶಾಪಿನವರೆಲ್ಲ ಹೆದರುತ್ತಿದ್ದ ಮನುಷ್ಯ. ತಗಡು ಹರಿದ ಅಂಚಿನ ಮೇಲೆ ಉಗುರು ಆಡಿಸಿ, ಇದು ಈ ಅಪಘಾತದ್ದು, ಇದು ಹೋದ ವರ್ಷದ್ದು ಎಂದು ಬೇರೆ ಮಾಡುತ್ತಿದ್ದರು. ಒಂದು ಕಪ್ ಚಹಾ ಕೂಡ ಕುಡಿಯುತ್ತಿರಲಿಲ್ಲ. ಅವರ ಮನೆ ಬಾಗಿಲಲ್ಲಿ ನಿಂತು ಕಥೆಯೆಲ್ಲ ಹೇಳಿದೆ. ಕೇಳಿಸಿಕೊಂಡು ತಮಿಳಿನಲ್ಲಿ, “ಎಳುದಲೇನ್ನಾ ಇಲ್ಲೆ” ಎಂದರು. ಬರೆಯದಿದ್ದರೆ ಅದು ಇಲ್ಲ. ಕಣ್ಣಿಗೆ ಕಾಣುವ ಕಂಡೆನ್ಸರ್ ಪುಡಿಯಾಗಿ ನೇತಾಡುತ್ತಿದೆ, ಆದರೆ ಕಾಗದದಲ್ಲಿಲ್ಲ, ಆದ್ದರಿಂದ ಇಲ್ಲ. ಸಿಟ್ಟಿನಿಂದ ವಾಪಸು ಬಂದೆ. ಆ ಸಿಟ್ಟು ನನ್ನ ಮೇಲೋ ಅವರ ಮೇಲೋ ನನಗೇ ಗೊತ್ತಾಗಲಿಲ್ಲ.

ಆ ಭಾನುವಾರ ರಾಯರ ಮನೆಗೆ ಹೋದೆ. ಟೀಚರನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ತೆಳ್ಳಗೆ, ನೆತ್ತಿಯ ಮೇಲೆ ಸೆರಗು. ಕೂದಲು ಬಹಳ ಕಡಿಮೆ, ಹಲ್ಲು ಕಟ್ಟಿಸಿದ್ದು. ಬೆವರಿಲ್ಲದ ಹಾಗೆಯೇ ಕೂದಲು, ಹಲ್ಲು ಇಲ್ಲದಿರುವುದೂ ಹುಟ್ಟಿನಿಂದ ಬಂದದ್ದಂತೆ. ಹೆಗಲ ಮೇಲೆ ಒದ್ದೆ ಟವೆಲ್ಲು, ಪಕ್ಕದಲ್ಲಿ ನೀರಿನ ಚೊಂಬು, ಒಂದು ಥರ್ಮಾಮೀಟರು, ಒಂದು ನೋಟುಬುಕ್ಕು. ಗಂಟೆಗೊಮ್ಮೆ ತಮ್ಮ ಮೈಯ ಶಾಖವನ್ನು ತಾವೇ ಅಳೆದು ಬರೆದಿಡುತ್ತಿದ್ದರು.

ಬೆವರು ಬರದಿದ್ದರೆ ಏನಾಗುತ್ತದೆ ಎಂದು ನಾಚಿಕೆ ಬಿಟ್ಟು ಕೇಳಿದೆ. ಅವರು ಟವೆಲ್ಲಿನ ತುದಿಯಿಂದ ನನ್ನ ಮುಂಗೈ ಮೇಲೆ ನಾಲ್ಕು ಹನಿ ಹಿಂಡಿ, ಊದಿ ಎಂದರು. ಊದಿದೆ. ತಣ್ಣಗಾಯಿತು.

“ನಿಮ್ಮ ಕಾರಿನೊಳಗೆ ಗ್ಯಾಸು ಮಾಡೋದು ಇದನ್ನೇ ಅಲ್ವಾ ಮಾದೇಶಣ್ಣ? ದ್ರವ ಆವಿಯಾಗ್ತಾ ಶಾಖ ತಗೊಂಡು ಹೋಗತ್ತೆ. ನಿಮ್ಮ ಮೈತುಂಬ ಆ ಮಿಷನ್ ಇದೆ, ಲಕ್ಷಗಟ್ಟಲೆ ಇದೆ. ನನಗೆ ಒಂದೂ ಇಲ್ಲ.”

ನಾನು ನನ್ನ ಮುಂಗೈ ನೋಡಿಕೊಂಡೆ. ಇಪ್ಪತ್ತು ವರ್ಷ ಕಂಪ್ರೆಸರು, ಸುರುಳಿ ಪೈಪಿನ ಕಾಯಿಲು, ಗ್ಯಾಸು ಎಂದು ಒದ್ದಾಡಿದ್ದೇನೆ. ಪೈಪಿಲ್ಲದೆ, ಬೆಲ್ಟಿಲ್ಲದೆ, ಸದ್ದಿಲ್ಲದೆ ಅದೇ ಕೆಲಸ ಮಾಡುವ ಯಂತ್ರದೊಳಗೆ ನಾನು ಕೂತಿದ್ದೇನೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ನಮ್ಮಪ್ಪ ಕುರಿಗಳ ಹಿಂದೆ ಸುಡುಬಿಸಿಲಲ್ಲಿ ದಿನವಿಡೀ ನಡೆದು ಸಾಯದೆ ಮನೆಗೆ ಬರುತ್ತಿದ್ದದ್ದು ಹೇಗೆಂದು ಅವತ್ತು ಗೊತ್ತಾಯಿತು.

ಎ.ಸಿ.ಯನ್ನು ನಾನು ನನ್ನ ಕೈಯಿಂದ ಕಟ್ಟಿಕೊಡುತ್ತೇನೆ, ಇನ್ಶೂರೆನ್ಸ್ ಬಂದರೂ ಸರಿ, ಬಾರದಿದ್ದರೂ ಸರಿ ಎಂದೆ. ರಾಯರು ಬೇಡವೆಂದರು. ನಾನು ಕೇಳಲಿಲ್ಲ. ಸ್ಕ್ರ್ಯಾಪಿನಲ್ಲಿ ಹುಡುಕಿದಾಗ, ಹಿಂದಿನಿಂದ ಗುದ್ದಿಸಿಕೊಂಡ ಒಂದು ಹೊಸ ಮಾಡೆಲ್ ಕಾರಿನ ಕಂಡೆನ್ಸರು ಚೆನ್ನಾಗಿಯೇ ಸಿಕ್ಕಿತು. ಅದು ಹೊಸ ಗ್ಯಾಸಿಗಾಗಿ ಮಾಡಿದ್ದು. ಅದೇ ಹೊತ್ತಿನಲ್ಲಿ ಬಜಾರಿನಲ್ಲಿ ಸಿಗುತ್ತಿದ್ದ ಹಳೆ ಗ್ಯಾಸು ಕಲಬೆರಕೆ. ಯಾವ ಸಿಲಿಂಡರಿನಲ್ಲಿ ಏನಿದೆಯೋ ಹೇಳುವಂತಿರಲಿಲ್ಲ. ಹಾಗಾಗಿ ಹೊಸ ಗ್ಯಾಸೇ ಹಾಕಬೇಕು. ಹಳೆ ಕಂಪ್ರೆಸರಿಗೆ ಹೊಸ ಗ್ಯಾಸು. ತೊಪ್ಪೂರು ಘಾಟಿಯ ಹೊಗೆ ನನ್ನ ಕಣ್ಣ ಮುಂದೆ ಬಂತು. ಅಲ್ಲಿ ಕೆಟ್ಟಾಗ ವ್ಯಾಪಾರಿ ಇಳಿದು ಬಸ್ಸು ಹಿಡಿದರು. ಇಲ್ಲಿ ಕೆಟ್ಟರೆ ಏನು?

ನನ್ನ ಎಡವಟ್ಟನ್ನು ಟೀಚರ ಮುಂದೆ ಬಿಚ್ಚಿ ಹೇಳಿದೆ. ಅವರಿಗೆ ಬೇಕಾದದ್ದು ಒಂದೇ ಅಂಕಿ. ಒಂದು ಸಲ ಎಣ್ಣೆ ಇಳಿಸಿದರೆ ಹಳೆಯದು ಎಷ್ಟು ಒಳಗೇ ಉಳಿಯುತ್ತದೆ? ನಾನು ಅಳೆದಿದ್ದೆ: ಮೂರು ಪಾಲಿನಲ್ಲಿ ಎರಡು ಈಚೆ ಬರುತ್ತದೆ, ಒಂದು ಪಾಲು ಕಾಯಿಲಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಎಷ್ಟರೊಳಗೆ ಇದ್ದರೆ ಅಪಾಯವಿಲ್ಲ? ಕ್ಲಾಸಿನಲ್ಲಿ ಕೊಟ್ಟ ಹಾಳೆಯಲ್ಲಿ ನೂರಕ್ಕೆ ಐದರೊಳಗೆ ಎಂದಿತ್ತು. ಆ ಸಾಲನ್ನು ನಾನು ಓದಿದ್ದೆ. ಅದಕ್ಕೆ ಏನು ಮಾಡಬೇಕೆಂದು ತಿಳಿದಿರಲಿಲ್ಲ.

ಅವರು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದರು. “ಒಂದು ಸಲ ತೊಳೆದ್ರೆ ಮೂರರಲ್ಲಿ ಒಂದು. ಎರಡು ಸಲಕ್ಕೆ ಒಂಬತ್ತರಲ್ಲಿ ಒಂದು. ಮೂರು ಸಲಕ್ಕೆ ಇಪ್ಪತ್ತೇಳರಲ್ಲಿ ಒಂದು. ಅಂದ್ರೆ ನೂರಕ್ಕೆ ನಾಲ್ಕೂ ಇಲ್ಲ. ನೀವು ಒಂದೇ ಸಲಕ್ಕೆ ನಿಲ್ಲಿಸಿದಿರಿ, ಅಷ್ಟೇ ತಪ್ಪು.”

ಎರಡು ವರ್ಷ ನನ್ನನ್ನು ಕಾಡಿದ ವಿಷಯ ಎರಡು ನಿಮಿಷದಲ್ಲಿ ಹಾಳೆಯ ಮೇಲೆ ಇತ್ತು. ಅವರಿಗೆ ಕಾರಿನ ಬಾನೆಟ್ ತೆಗೆಯಲೂ ಬಾರದು. ನಾನು ಆ ಹಾಳೆಯನ್ನು ಕೇಳಿ ಇಸಕೊಂಡೆ.

ಮೂರು ಸಲ ತೊಳೆಯುವುದೆಂದರೆ ಮೂರು ಸಲ ಹೊಸ ಎಣ್ಣೆ ಹಾಕಿ, ಗ್ಯಾಸು ತುಂಬಿ, ಓಡಿಸಿ, ಎರಡನ್ನೂ ತೆಗೆಯಬೇಕು. ತೆಗೆದ ಗ್ಯಾಸನ್ನು ಗಾಳಿಗೆ ಬಿಡುವ ಮನಸ್ಸು ನನಗಿರಲಿಲ್ಲ. ಎಳೆದುಕೊಳ್ಳುವ ಮಿಷನ್ನು ಆಗ ಸೇಲಂನಲ್ಲಿ ಯಾರ ಹತ್ತಿರ ಇತ್ತು? ಅರುಣಾಚಲಂ ಮೇಸ್ತ್ರಿಯನ್ನು ಕೇಳಲು ಹೋದೆ. ವಯಸ್ಸಾಗಿ ಮೆತ್ತಗಾಗಿದ್ದರು. ಖಾಲಿ ಸಿಲಿಂಡರನ್ನು ಐಸಿನಲ್ಲಿ ಹೂತು ಪೈಪು ಕೊಡು, ಗ್ಯಾಸು ತಾನಾಗಿ ತಂಪಿರುವ ಕಡೆಗೆ ನಡೆದು ಬರುತ್ತದೆ ಎಂದರು. ಹಾಗೇ ಮಾಡಿದೆ. ಫ್ಯಾಕ್ಟರಿಯಿಂದ ಐಸು ತಂದು ಗೋಣಿಚೀಲ ಸುತ್ತಿ ಕಾದೆ. ಗಂಟೆ ಕಳೆಯುತ್ತ ಸಿಲಿಂಡರು ತೂಕವಾಗುತ್ತ ಬಂತು. ಯಾರೂ ತಳ್ಳಲಿಲ್ಲ, ಯಾರೂ ಎಳೆಯಲಿಲ್ಲ. ಮೂರನೇ ಸಲ ಇಳಿಸಿದ ಎಣ್ಣೆಯನ್ನು ಗಾಜಿನ ಶೀಶೆಯಲ್ಲಿ ಬಿಸಿಲಿಗೆ ಹಿಡಿದು ನೋಡಿದೆ. ತಿಳಿಯಾಗಿತ್ತು.

ನಡುವೆ ಇನ್ಶೂರೆನ್ಸ್ ಪತ್ರದ ಕಥೆಯನ್ನೂ ಮುಗಿಸಿಬಿಡುತ್ತೇನೆ. ಆ ಪತ್ರವನ್ನು ನಾನು, ರಾಯರು ಇಬ್ಬರೂ ಹತ್ತು ಸಲ ಓದಿದ್ದೆವು. ಟೀಚರು ಒಂದು ಸಲ ಓದಿ, ಇದರಲ್ಲಿ ರೇಡಿಯೇಟರಿಗೂ ಗೀಟು ಎಳೆದಿದ್ದಾರಲ್ಲ ಎಂದರು. ನೋಡಿದರೆ ನಿಜ. ಎಂಜಿನ್ ನೀರನ್ನು ತಣ್ಣಗೆ ಮಾಡುವ ರೇಡಿಯೇಟರಿಗೂ ಎ.ಸಿ.ಗೂ ಸಂಬಂಧವಿಲ್ಲ. ಅದು ಕಾರು ಹುಟ್ಟಿದಾಗಿನಿಂದ ಇರುವುದು. ನಟರಾಜನ್ ತಮ್ಮ ವರದಿಯಲ್ಲಿ ಎರಡನ್ನೂ ‘ಕೂಲಿಂಗ್’ ಎಂಬ ಒಂದೇ ತಲೆಬರಹದ ಕೆಳಗೆ ಬರೆದಿದ್ದರು. ಆಫೀಸಿನಲ್ಲಿ ಯಾರೋ ಕೂಲಿಂಗ್ ಎಂದರೆಲ್ಲ ಎ.ಸಿ. ಎಂದು ಒಟ್ಟಿಗೆ ಹೊಡೆದುಹಾಕಿದ್ದರು.

ಪತ್ರ ಹಿಡಿದು ಮತ್ತೆ ಸರ್ವೇಯರ ಬಾಗಿಲಿಗೆ ಹೋದೆ. ನಟರಾಜನ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನನ್ನನ್ನು ಒಳಗೆ ಕರೆದು ಕೂರಿಸಿದರು. ಹಾಗೆ ಯಾರನ್ನೂ ಕೂರಿಸಿದವರಲ್ಲ. ತಪ್ಪು ತಮ್ಮದು ಎಂದು ಅಲ್ಲೇ ತಿದ್ದುಪಡಿ ಬರೆದು, ತಾವೇ ಡಿವಿಜನ್ ಆಫೀಸಿಗೆ ಒಯ್ದು ಕೊಟ್ಟರು. ಕಾರು ಓಡತೊಡಗಿ ಎಷ್ಟೋ ದಿನವಾದ ಮೇಲೆ, ಜೂನ್‌ನಲ್ಲಿ, ರೇಡಿಯೇಟರಿನ ಹಣ ಮಂಜೂರಾಯಿತು. ಎ.ಸಿ.ಯದು ಆಗಲಿಲ್ಲ, ಕೊನೆಗೂ ಆಗಲಿಲ್ಲ. ಅದನ್ನು ನಾನು ಈಗ ಅನ್ಯಾಯ ಎನ್ನುವುದಿಲ್ಲ. ಆಮೇಲೆ ಅವರು ನನ್ನ ಶೆಡ್ಡಿಗೆ ಬಂದು ಬಿಲ್ಲು ಬರೆಯುವುದು ಹೇಗೆ ಎಂದು ಕಲಿಸಿದರು: ಕಂಪ್ರೆಸರಿನ ನಂಬರು, ಗ್ಯಾಸಿನ ಜಾತಿ, ಎಣ್ಣೆಯ ಜಾತಿ, ತಾರೀಖು, ಸಹಿ, ಒಂದು ಪ್ರತಿ ಪಾಲಿಸಿಗೆ. ಹೊಸದಾಗಿ ಬರುವವರೇ, ಇದೊಂದನ್ನು ನೀವು ಮರೆಯಬಾರದು. ಆ ಚೀಟಿಯಲ್ಲಿ ನಾನು ಬರೆದ ‘ವೈರಿಂಗ್ ಕೆಲಸ’ ಎಂಬ ಎರಡು ಪದಗಳು ಒಬ್ಬರ ಪ್ರಾಣಕ್ಕೇ ಕುತ್ತು ತರುತ್ತಿದ್ದವು.

ಕಾರು ಸಿದ್ಧವಾದದ್ದು ಏಪ್ರಿಲ್ ಮೊದಲ ವಾರ. ಅಲ್ಲಿಯವರೆಗೆ ರಾಯರು ಮಗಳನ್ನು ಬಾಡಿಗೆ ಕಾರಿನಲ್ಲಿ ಕರೆತರುತ್ತಿದ್ದರು. ಪರೀಕ್ಷೆಯ ಕೆಲಸ ಶುರುವಾಗಿತ್ತು. ಮೊದಲ ದಿನ ನಾನೂ ಬರುತ್ತೇನೆ ಎಂದು ರಾಯರ ಪಕ್ಕದ ಸೀಟಿನಲ್ಲಿ ಕೂತು ಪಾಪಿರೆಡ್ಡಿಪಟ್ಟಿಗೆ ಹೋದೆ. ಮೂರೂವರೆಗೆ ಟೀಚರು ಶಾಲೆಯ ಗೇಟಿನಿಂದ ಬಂದು ಹಿಂದೆ ಕೂತರು. ಮುಖ ಕೆಂಪಗಿತ್ತು. ಥರ್ಮಾಮೀಟರು ಬಾಯಿಗಿಟ್ಟು, ತೆಗೆದು, ಬರೆದುಕೊಂಡರು. ಹತ್ತು ನಿಮಿಷದಲ್ಲಿ ಕಾರಿನೊಳಗೆ ಮಾರ್ಗಶಿರದ ಬೆಳಗಿನಂತಾಯಿತು. ನನ್ನ ಕಿವಿ ಮಾತ್ರ ಕಂಪ್ರೆಸರಿನ ಸದ್ದಿನ ಮೇಲೆಯೇ ಇತ್ತು. ಒಂದೇ ಶ್ರುತಿಯಲ್ಲಿತ್ತು.

ಕಣಿವೆಯ ಅರ್ಧ ಏರಿದ್ದೆವು. ಮುಂದೆ ತಿರುವಿನಲ್ಲಿ ಲಾರಿಯೊಂದು ಆಕ್ಸಲ್ ಮುರಿದು ಅಡ್ಡ ನಿಂತಿತ್ತು. ಹಿಂದೆ ಮುಂದೆ ಬಸ್ಸು, ಗಾಡಿ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಕಾರು ಓಡುವಾಗ ಎದುರು ಗಾಳಿ ಕಂಡೆನ್ಸರಿನ ಬಿಸಿ ಒಯ್ಯುತ್ತದೆ. ನಿಂತರೆ ಫ್ಯಾನಿನ ಗಾಳಿಯೊಂದೇ, ಅದು ಸಾಲದು. ಕಾಲು ಗಂಟೆಯಾಗುವಷ್ಟರಲ್ಲಿ ಒಳಗಿನ ಗಾಳಿ ಬೆಚ್ಚಗಾಗತೊಡಗಿತು, ಎಂಜಿನ್ನಿನ ಮುಳ್ಳು ಏರುತ್ತಿತ್ತು. ಕಂಪ್ರೆಸರಿನ ಶ್ರುತಿ ಬದಲಾಗಿ ಗೊಗ್ಗರಾಯಿತು. ಒತ್ತಡ ಹೀಗೇ ಏರಿದರೆ ಅದು ನಿಲ್ಲುತ್ತದೆ. ಟೀಚರು ತಮ್ಮ ಬಾಟಲಿಯ ನೀರನ್ನೆಲ್ಲ ಟವೆಲ್ಲಿಗೆ ಸುರಿದುಕೊಂಡಾಗಿತ್ತು. ಮತ್ತೆ ಥರ್ಮಾಮೀಟರು ನೋಡಿದರು, ಈ ಸಲ ಬರೆದುಕೊಳ್ಳಲಿಲ್ಲ. ರಾಯರು ಹಾರ್ನ್ ಒತ್ತುತ್ತಲೇ ಇದ್ದರು.

ನಾನು ಇಳಿದು ಓಡಿದೆ. ರಸ್ತೆಯ ಕೆಳಗೆ ಮರದ ನೆರಳಿನಲ್ಲಿ ಕುರಿ ಮಂದೆ ಕೂತಿತ್ತು. ಪಕ್ಕದಲ್ಲಿ ಒಬ್ಬಳು ಮುದುಕಿ, ಅವಳ ಹತ್ತಿರ ಎರಡು ಪ್ಲಾಸ್ಟಿಕ್ ಕೊಡ. ತಮಿಳಿನಲ್ಲಿ ನೀರು ಕೇಳಿದೆ. ಅವಳು ಕುರಿಗಳನ್ನು ಗದರಿಸಿದ್ದು ಕನ್ನಡದಲ್ಲಿ. ನಾನೂ ಕನ್ನಡಕ್ಕೆ ತಿರುಗಿದೆ.

“ನೀರು ಕಾರ್ಗಾ?” ಎಂದಳು ಅವಳು. “ಕುರಿಗೆ ಮಡಗಿರಾ ನೀರು ಕಣ್ಲಾ ಇದು.”

“ಕಾರೊಳಗೊಂದು ಹೆಣ್ಮಗ ಐತೆ ಅವ್ವ. ಅದ್ರ ಮೈಗೆ ಬೆವರು ಬರಾಕಿಲ್ಲ. ಕಾರು ತಣ್ಣಗಿಲ್ದಿದ್ರೆ ಉಳಿಯಾಕಿಲ್ಲ.”

ಅವಳು ನನ್ನ ಮುಖ ನೋಡಿದಳು. “ಬೆವರಿಲ್ದ ಮೇಲೆ ಬಿಸ್ಲು ಹೆಂಗ್ಲಾ ತಡೀತದೆ, ಎತ್ಕೊಂಡೋಗು” ಎಂದು ಒಂದು ಕೊಡ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾನೇ ಸೊಂಟಕ್ಕೇರಿಸಿಕೊಂಡು ಏರಿ ಬಂದಳು. ಒಂದು ಗೋಣಿಚೀಲವನ್ನೂ ತಂದಳು.

ಚೀಲವನ್ನು ನೆನೆಸಿ ಕಂಡೆನ್ಸರಿನ ಮುಂದೆ ಕಟ್ಟಿದೆ. ಅಂಗೈಯಿಂದ ಸ್ವಲ್ಪಸ್ವಲ್ಪವೇ ನೀರು ಚಿಮುಕಿಸುತ್ತ ನಿಂತೆ. ಒಮ್ಮೆಲೇ ಸುರಿದರೆ ಹರಿದು ಹೋಗುತ್ತದೆ, ಹನಿಹನಿಯಾದರೆ ಆವಿಯಾಗಿ ಬಿಸಿ ಒಯ್ಯುತ್ತದೆ. ಮುದುಕಿ ತನ್ನ ಸೆರಗನ್ನೇ ಅದ್ದಿ ಟೀಚರ ಕಾಲಿಗೆ, ಹಣೆಗೆ ಹಚ್ಚಿದಳು. ಕಂಪ್ರೆಸರಿನ ಗೊಗ್ಗರು ನಿಧಾನವಾಗಿ ಇಳಿಯಿತು. ಇಳಿದು, ಮತ್ತೆ ಆ ಒಂದೇ ಶ್ರುತಿಗೆ ಬಂತು. ರಾಯರು ಒಳಗಿನಿಂದ ಗಾಳಿ ತಣ್ಣಗಾಯಿತು ಎಂದು ಕೈ ಮಾಡಿ ತೋರಿಸಿದರು.

ಮುಕ್ಕಾಲು ಗಂಟೆ ಹಾಗೆ ನಿಂತಿದ್ದೆ. ಏಪ್ರಿಲ್ ಬಿಸಿಲು, ಎದುರಿಗೆ ಎಂಜಿನ್ನಿನ ಕಾವು. ಅಂಗಿ ಬೆನ್ನಿಗೆ ಅಂಟಿತ್ತು, ಹಣೆಯಿಂದ ಬೆವರು ಧಾರೆಯಾಗಿ ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಲಾರಿಯನ್ನು ಸರಿಸಿ ಗಾಡಿಗಳು ಕದಲಿದಾಗ ಕಣಿವೆಯ ಮೇಲಿನಿಂದ ಒಂದು ಗಾಳಿ ಬೀಸಿತು. ನೆತ್ತಿಯಿಂದ ಅಂಗಾಲಿನವರೆಗೆ ತಣ್ಣಗಾದೆ. ಜೇಬಿನಿಂದ ಕರ್ಚೀಫು ತೆಗೆದೆ. ಕಾರಿನ ಓನರುಗಳ ಮುಂದೆ ಬೆವರು ಸುರಿಸುತ್ತ ನಿಲ್ಲುವುದು ಮರ್ಯಾದೆಯಲ್ಲ ಎಂದು ವರ್ಷಗಳಿಂದ ಬಂದ ಅಭ್ಯಾಸ.

ಟೀಚರು ಕಿಟಕಿಯ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ ನನ್ನನ್ನೇ ನೋಡುತ್ತಿದ್ದರು. ಮುಖದ ಕೆಂಪು ಇಳಿದಿತ್ತು. ಅಂಥ ಕಣ್ಣಿನಿಂದ ನನ್ನನ್ನು ಅದುವರೆಗೆ ಯಾರೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

“ನೀವು ಎಷ್ಟು ಚೆನ್ನಾಗಿ ಬೆವರ್ತೀರಿ, ಮಾದೇಶಣ್ಣ” ಎಂದರು.

ಕರ್ಚೀಫನ್ನು ಜೇಬಿಗೆ ಹಾಕಿಕೊಂಡೆ. ಸೇಲಂ ಮುಟ್ಟುವವರೆಗೆ ಮುಖ ಒರೆಸಲಿಲ್ಲ.